ಮಹಾನಗರದಲ್ಲಿ ಗರಡಿಯನ್ನು ಅರಸುವ ಮುನ್ನ: ಜಪಾನೀ ಮಿಶ್ರ ಮಲ್ಲವಿದ್ಯೆ ಮತ್ತು ನಮ್ಮ ಮಕ್ಕಳ ಆರೋಗ್ಯ

ಕಳೆದ ಅಮಾವಾಸ್ಯೆಯಂದು ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಶಿಡ್ಲಘಟ್ಟದ ಕಡೆಯ ತಾಯಿಯೊಬ್ಬರು ತಮ್ಮ ಮಗನೊಡನೆ ಪ್ರಸಾದಕ್ಕೆ ಕುಳಿತಿದ್ದರು. ಇಪ್ಪತ್ತೆರಡರ ಆ ತರುಣನ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ತಾಯಿಯೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ವಿಚಾರಿಸಲಾಗಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನು ಜಪಾನೀ ಪದ್ಧತಿಯ ಮಿಶ್ರ ಮಲ್ಲವಿದ್ಯೆಯನ್ನು ಕಲಿಯಬೇಕೆಂದು ತನ್ನ ಕೋಣೆಯ ಸಮೀಪದ ಒಂದು ಜಿಮ್ಮಿಗೆ ಸೇರಿದ್ದನೆಂದೂ, ಬೀಳುವ ಬಗೆಯನ್ನೇ ಕಲಿಸದೆ ಮೊದಲ ವಾರದಲ್ಲಿಯೇ ಹಳಬರೊಡನೆ ಸೆಣಸಲು ಬಿಟ್ಟರೆಂದೂ, ಕೈಯೂರಿ ಬಿದ್ದು ಭುಜದ ಕೀಲು ತಪ್ಪಿತೆಂದೂ ತಿಳಿಯಿತು. “ಇವನನ್ನು ಬಿಡಿಸಿಬಿಡಲೇ ಸ್ವಾಮಿ?” ಎಂದು ಆ ತಾಯಿ ಕೇಳಿದರು. ಮಗನು ತಲೆ ತಗ್ಗಿಸಿ ಕುಳಿತಿದ್ದನು.

ಅಂದು ಪಂಕ್ತಿಯಲ್ಲಿ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ. ಏಕೆಂದರೆ ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೋಗುವ ಮಕ್ಕಳಲ್ಲಿ ಅನೇಕರಿಗೆ ಇಂದು ಈ ವಿದ್ಯೆಯ ಒಲವು ಹುಟ್ಟಿದೆ. ಹೆಣ್ಣುಮಕ್ಕಳು ಆತ್ಮರಕ್ಷಣೆಗೆಂದು, ಗಂಡುಮಕ್ಕಳು ಮೈಕಟ್ಟಿಗೆಂದು ಸೇರುತ್ತಾರೆ. ಒಲವು ತಪ್ಪಲ್ಲ. ಎಲ್ಲಿ, ಯಾರ ಬಳಿ, ಯಾವ ಸಿದ್ಧತೆಯಿಂದ ಕಲಿಯುತ್ತಾರೆ ಎಂಬುದರ ಮೇಲೆ ಆರೋಗ್ಯವೂ ಅನಾರೋಗ್ಯವೂ ನಿಂತಿವೆ.

ಈ ವಿದ್ಯೆ ಯಾವುದು?

ಜಿಮ್ಮಿನ ಫಲಕದ ಮೇಲೆ ‘ಜಪಾನೀ ಪದ್ಧತಿ’ ಎಂದಿದ್ದರೆ ಅದರೊಳಗೆ ಹಲವು ವಿದ್ಯೆಗಳು ಅಡಗಿರುತ್ತವೆ. ಅವನ್ನು ಬಿಡಿಸಿ ತಿಳಿದುಕೊಂಡವನು ಮೋಸಹೋಗುವುದಿಲ್ಲ.

ಮೊದಲನೆಯದು ಜೂಡೋ. 1882ರಲ್ಲಿ ಕಾನೋ ಜಿಗೋರೋ ಎಂಬ ತರುಣ ಅಧ್ಯಾಪಕರು ಟೋಕಿಯೋ ನಗರದ ಈಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಇದನ್ನು ಆರಂಭಿಸಿದರು. ಹಳೆಯ ಜುಜುತ್ಸು ವಿದ್ಯೆಯಿಂದ ಪ್ರಾಣಾಪಾಯದ ಪಟ್ಟುಗಳನ್ನು ತೆಗೆದು, ಎತ್ತಿಹಾಕುವ, ಹಿಡಿದಿಡುವ, ಕೀಲು ಬಂಧಿಸುವ ವರಸೆಗಳನ್ನು ಕ್ರಮಪಡಿಸಿದರು. ಶಕ್ತಿಯನ್ನು ವ್ಯರ್ಥಮಾಡದೆ ಸದ್ವಿನಿಯೋಗ ಮಾಡುವುದು, ತಾನೂ ಎದುರಾಳಿಯೂ ಒಟ್ಟಿಗೆ ಏಳಿಗೆ ಹೊಂದುವುದು ಎಂಬ ಎರಡು ತತ್ತ್ವಗಳನ್ನು ಅವರು ತಮ್ಮ ವಿದ್ಯೆಗೆ ಅಡಿಪಾಯವಾಗಿಟ್ಟರು. ಜೂಡೋ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಪ್ರವೇಶ ಪಡೆಯಿತು. ನಮ್ಮ ದೇಶಕ್ಕೆ ಇದು ಹೊಸದೇನೂ ಅಲ್ಲ. ರವೀಂದ್ರನಾಥ ಠಾಕೂರರು 1929ರಲ್ಲಿಯೇ ತಾಕಾಗಾಕಿ ಎಂಬ ಜಪಾನೀ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿ, ಬಾಲಕರೊಡನೆ ಬಾಲಕಿಯರಿಗೂ ಜೂಡೋ ಕಲಿಸಿದ್ದರು.

ಎರಡನೆಯದು ಕರಾಟೆ. ಇದು ಒಕಿನಾವ ದ್ವೀಪದ ವಿದ್ಯೆ. ಗುದ್ದು ಮತ್ತು ಒದೆತಗಳೇ ಇದರಲ್ಲಿ ಪ್ರಧಾನ. 1922ರಲ್ಲಿ ಫುನಾಕೋಶಿ ಗಿಚಿನ್ ಅವರು ಟೋಕಿಯೋದಲ್ಲಿ ಪ್ರದರ್ಶಿಸಿದ ಮೇಲೆ ಇದು ಜಪಾನಿನಾದ್ಯಂತ ಹರಡಿತು. ಮೂರನೆಯದು ಬ್ರೆಜಿಲಿಯನ್ ಜುಜುತ್ಸು. ಜೂಡೋ ಪಟು ಮಾಯೆದಾ ಮಿತ್ಸುಯೋ 1914ರಲ್ಲಿ ಬ್ರೆಜಿಲ್ ತಲಪಿ ಅಲ್ಲಿ ಕಲಿಸಿದ ನೆಲದ ಮೇಲಿನ ಪಟ್ಟುಗಳೇ ಬೆಳೆದು ಈ ಹೆಸರಿನಲ್ಲಿ ಪ್ರಪಂಚಕ್ಕೆ ಮರಳಿದವು.

ಇವುಗಳ ಬೆರಕೆಯೇ ಮಿಶ್ರ ಮಲ್ಲವಿದ್ಯೆ. 1976ರ ಜೂನ್ 26ರಂದು ಟೋಕಿಯೋದಲ್ಲಿ ಮುಷ್ಟಿಮಲ್ಲ ಮಹಮ್ಮದ್ ಅಲಿ ಹಾಗೂ ಜಪಾನಿನ ಕುಸ್ತಿಪಟು ಆಂಟೋನಿಯೋ ಇನೋಕಿ ಎದುರುಬದುರಾದದ್ದು ಇದರ ಚರಿತ್ರೆಯಲ್ಲಿ ಪ್ರಸಿದ್ಧ. ಹದಿನೈದು ಸುತ್ತುಗಳ ಆ ಪಂದ್ಯ ಸಮಬಲದಲ್ಲಿ ಮುಗಿಯಿತು. ಇನೋಕಿಯ ಒದೆತಗಳಿಂದ ಅಲಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆಯಬೇಕಾಯಿತು. ಮುಂದೆ 1980ರ ದಶಕದಲ್ಲಿ ಸಾಯಾಮಾ ಸತೋರು ‘ಶೂಟೋ’ ಎಂಬ ಪದ್ಧತಿಯನ್ನು ಕಟ್ಟಿದರು. 1993ರಲ್ಲಿ ‘ಪ್ಯಾಂಕ್ರೇಸ್’, 1997ರಲ್ಲಿ ‘ಪ್ರೈಡ್’ ಎಂಬ ಪಂದ್ಯಾವಳಿಗಳು ಹುಟ್ಟಿದವು. ಈ ಬೆರಕೆಯಲ್ಲಿ ಆರೋಗ್ಯದೃಷ್ಟಿಯಿಂದ ಗಮನಿಸಬೇಕಾದ ಇನ್ನೊಂದು ಶಾಖೆ ‘ಕೂಡೋ’. ಅಜುಮಾ ತಕಾಶಿ ಎಂಬುವರು 1981ರಲ್ಲಿ ಸ್ಥಾಪಿಸಿದ ಶಾಲೆಯಿಂದ ಬೆಳೆದ ಇದರಲ್ಲಿ ಗುದ್ದು, ಒದೆತ, ಎತ್ತಿಹಾಕುವುದು, ನೆಲದ ಪಟ್ಟು ಎಲ್ಲವೂ ಉಂಟು. ಆದರೆ ಮುಖವನ್ನು ಪಾರದರ್ಶಕ ಗುರಾಣಿಯುಳ್ಳ ಶಿರಸ್ತ್ರಾಣದಿಂದ ಮುಚ್ಚಿಕೊಂಡೇ ಆಡಬೇಕು. ಇದರಿಂದ ಮೂಗು, ಹಲ್ಲು, ಕಣ್ಣುಗಳಿಗೆ ರಕ್ಷಣೆ ದೊರೆಯುತ್ತದೆ. ಆದರೆ ಶಿರಸ್ತ್ರಾಣವು ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು ಎಂಬುದನ್ನು ಮರೆಯಬಾರದು.

ನಮ್ಮ ನೆಲದ ಗರಡಿ

ಮಲ್ಲವಿದ್ಯೆ ನಮಗೆ ಪರಕೀಯವಲ್ಲ. ಬಸವಾದಿ ಶರಣರ ಶತಮಾನದಲ್ಲಿಯೇ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದವನ್ನು, ಅವರ ತರಬೇತಿಯನ್ನು ವಿವರಿಸಿದ್ದಾನೆ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಈ ಕಟ್ಟಳೆಯೇ ಮಲ್ಲವಿದ್ಯೆಯನ್ನು ಬೀದಿಜಗಳದಿಂದ ಬೇರ್ಪಡಿಸುತ್ತದೆ. ಹದಮಾಡಿದ ಕೆಮ್ಮಣ್ಣು, ಗೋಡೆಯಲ್ಲಿನ ಹನುಮನ ಮೂರ್ತಿ, ಉಸ್ತಾದರ ಕಣ್ಗಾವಲು, ತಿಂಗಳುಗಟ್ಟಲೆ ಸಾಮು ತೆಗೆದು ಬಸ್ಕಿ ಹೊಡೆದ ಬಳಿಕವೇ ಜೋಡಿಗೆ ಇಳಿಸುವ ಪದ್ಧತಿ, ಇವೆಲ್ಲ ನಮ್ಮ ಹಿರಿಯರು ಕಂಡುಕೊಂಡ ಆರೋಗ್ಯದ ನಿಯಮಗಳೇ.

ಜಪಾನೀಯರು ತಮ್ಮ ಗರಡಿಯನ್ನು ‘ದೋಜೋ’ ಎನ್ನುತ್ತಾರೆ. ಬುದ್ಧನಿಗೆ ಜ್ಞಾನೋದಯವಾದ ಸ್ಥಳವನ್ನು ಸೂಚಿಸುವ ‘ಬೋಧಿಮಂಡ’ ಎಂಬ ಸಂಸ್ಕೃತ ಪದದ ಅನುವಾದವಾಗಿ ಆ ಪದ ಬಳಕೆಗೆ ಬಂದಿತು. ಅಲ್ಲಿ ಪಾದರಕ್ಷೆ ಹೊರಗೆ, ಒಳಬರುವಾಗ ನಮಸ್ಕಾರ, ಅಭ್ಯಾಸ ಮುಗಿದ ಮೇಲೆ ಹಿರಿಯ ಶಿಷ್ಯ ಕಿರಿಯ ಶಿಷ್ಯನೆಂಬ ಭೇದವಿಲ್ಲದೆ ಎಲ್ಲರೂ ನೆಲ ಗುಡಿಸಿ ಒರೆಸುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಮಗೆ ಇದು ಅಪರಿಚಿತವೆನಿಸದು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಆ ದೇಶದ ಶಿಕ್ಷಣವನ್ನೂ ಉದ್ಯಮವನ್ನೂ ಕಣ್ಣಾರೆ ಕಂಡು ಬಂದರು. ಪರನಾಡಿನ ಒಳ್ಳೆಯದನ್ನು ನೋಡಿ, ಅಳೆದು, ಬೇಕಾದುದನ್ನು ಮಾತ್ರ ತರುವ ಆ ಗುಣವೇ ನಮ್ಮ ಮಕ್ಕಳಿಗೂ ಬೇಕು.

ಅಪಾಯ ಎಲ್ಲಿದೆ?

2022ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ನಮ್ಮ ರಾಜ್ಯದ ಯುವಕನೊಬ್ಬ ತಲೆಗೆ ಪೆಟ್ಟು ತಿಂದು ಕುಸಿದು, ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಾರರು. ಜಪಾನಿನಲ್ಲಿಯೂ 1983ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಶಾಲೆಗಳ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಮೃತಪಟ್ಟರು. ಪರಿಶೀಲಿಸಿದಾಗ ಕಂಡುಬಂದದ್ದು ಇಷ್ಟು: ಸತ್ತವರಲ್ಲಿ ಹೊಸದಾಗಿ ಸೇರಿದ ಮಕ್ಕಳು ಹೆಚ್ಚು; ಹಿಂದಕ್ಕೆ ಬೀಳುವಾಗ ತಲೆಯ ಹಿಂಭಾಗ ನೆಲಕ್ಕೆ ಬಡಿದು ಮಿದುಳಿನ ಮೇಲ್ಪದರದಲ್ಲಿ ರಕ್ತಸ್ರಾವವಾಗಿದ್ದೇ ಮುಖ್ಯ ಕಾರಣ. ಈ ಅಂಶ ಬೆಳಕಿಗೆ ಬಂದು, ಶಿಕ್ಷಕರಿಗೆ ತಿಳಿವಳಿಕೆ ನೀಡಿ, ನಿಯಮ ಬಿಗಿಮಾಡಿದ ಮೇಲೆ ಅಂತಹ ಸಾವುಗಳು ಬಹಳ ಇಳಿದವು. ಅಂದರೆ ಕೊಂದದ್ದು ವಿದ್ಯೆಯಲ್ಲ, ಅಜಾಗರೂಕತೆ.

ತಲೆಗೆ ಪೆಟ್ಟು ಬಿದ್ದವನು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆಸುತ್ತು, ಮಬ್ಬು, ಮರೆವು, ಬೆಳಕು ಸಹಿಸದಿರುವುದು, ತಡವರಿಸುವ ನಡಿಗೆ, ಇವುಗಳಲ್ಲಿ ಒಂದು ಕಂಡರೂ ಮಿದುಳು ಅಲುಗಿದೆಯೆಂದೇ ತಿಳಿಯಬೇಕು. ಅಂದು ಅವನು ಮತ್ತೆ ಹಾಸಿನ ಮೇಲೆ ಕಾಲಿಡಕೂಡದು. ಅಲುಗಿದ ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ, ಅದು ಸಣ್ಣದಾದರೂ, ಪ್ರಾಣಕ್ಕೇ ಎರವಾಗಬಹುದು. ತಲೆನೋವು ಏರುತ್ತ ಹೋಗುವುದು, ಮತ್ತೆ ಮತ್ತೆ ವಾಂತಿ, ತೂಕಡಿಕೆ, ಸೆಳೆತ, ಕೈಕಾಲಿನಲ್ಲಿ ಬಲಹೀನತೆ, ಒಂದು ಕಣ್ಣಿನ ಪಾಪೆ ಹಿಗ್ಗುವುದು, ಕಿವಿ ಮೂಗುಗಳಿಂದ ನೀರು ಅಥವಾ ರಕ್ತ ಒಸರುವುದು ಕಂಡರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆಮಾಡಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ತುರ್ತು ವಿಭಾಗವು ತಲೆಯ ಗಾಯಗಳಿಗೆ ಹಗಲಿರುಳೂ ತೆರೆದಿರುತ್ತದೆ. ಪೆಟ್ಟು ತಿಂದು ನಗುನಗುತ್ತ ಕೋಣೆಗೆ ಬಂದವನು ಕೆಲವು ಗಂಟೆಗಳ ಬಳಿಕ ಎಚ್ಚರ ತಪ್ಪುವುದುಂಟು. ಆದುದರಿಂದ ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಬಾರದು.

ಕತ್ತು ಹಿಸುಕುವ ಪಟ್ಟು ಎರಡನೆಯ ಅಪಾಯ. ಕತ್ತಿನ ಎರಡೂ ಪಕ್ಕದ ರಕ್ತನಾಳಗಳು ಒತ್ತಿಹೋದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿದರೆ ‘ಸಾಕು’ ಎಂದರ್ಥ. ತಟ್ಟಿದ ಕ್ಷಣವೇ ಬಿಡಬೇಕು. ತಟ್ಟುವುದು ಸೋಲಲ್ಲ, ವಿವೇಕ. ಎಳೆಯ ಮಕ್ಕಳಿಗೆ ಕತ್ತಿನ ಪಟ್ಟುಗಳನ್ನೂ ಕೀಲು ತಿರುಚುವ ಪಟ್ಟುಗಳನ್ನೂ ಕಲಿಸುವ ಸ್ಥಳದಿಂದ ಅವರನ್ನು ಕೂಡಲೇ ಬಿಡಿಸಿ.

ಮೂರನೆಯದು ಚರ್ಮರೋಗ. ಒಬ್ಬರ ಬೆವರು ಇನ್ನೊಬ್ಬರ ಮೈಗೆ ತಾಗುವ ಈ ಅಭ್ಯಾಸದಲ್ಲಿ ಹುಳುಕಡ್ಡಿ, ಕೀವುಗುಳ್ಳೆ, ನೀರುಗುಳ್ಳೆಯ ಹರ್ಪಿಸ್‌ನಂತಹ ಸೋಂಕುಗಳು ಬೇಗ ಹರಡುತ್ತವೆ. ನಾಲ್ಕನೆಯದು ತೂಕ ಇಳಿಸುವ ಹುಚ್ಚು. ಸ್ಪರ್ಧೆಯ ತೂಕಕ್ಕೆ ಹೊಂದಲು ನೀರು ಬಿಟ್ಟು, ಬಿಸಿಯಲ್ಲಿ ಬೆವರು ಹರಿಸಿ, 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಚೀನಾದ 21 ವರ್ಷದ ಮಲ್ಲನೊಬ್ಬ ಪ್ರಾಣ ಕಳೆದುಕೊಂಡನು. ಬೆವರಿನಿಂದ ಒಂದು ಕಿಲೋ ತೂಕ ಇಳಿಯಿತೆಂದರೆ ಸುಮಾರು ಒಂದು ಲೀಟರು ನೀರು ದೇಹದಿಂದ ಹೋಯಿತೆಂದೇ ಅರ್ಥ, ಕೊಬ್ಬು ಕರಗಿತೆಂದಲ್ಲ.

ನಮ್ಮ ಸೀಮೆಯವರು ಮೊದಲು ನೋಡಿಕೊಳ್ಳಬೇಕಾದುದು

ಯಾವ ಗರಡಿಗೂ ಹೋಗುವ ಮುನ್ನ ವೈದ್ಯರ ಬಳಿಗೆ ಹೋಗಬೇಕು. ರಕ್ತದೊತ್ತಡ, ಹೃದಯ, ಕಣ್ಣು, ಹಿಂದಿನ ಮೂಳೆಮುರಿತ, ಅಪಸ್ಮಾರ, ಇವುಗಳ ಪರೀಕ್ಷೆ ಎಲ್ಲರಿಗೂ ಬೇಕು. ನಮ್ಮ ಜಿಲ್ಲೆಯವರಿಗೆ ಇನ್ನೆರಡು ಮಾತು ಸೇರಿಸುತ್ತೇವೆ.

ಗೌರಿಬಿದನೂರು, ಚಿಂತಾಮಣಿ ಮುಂತಾದ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೊದಲು ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಬೆನ್ನು ಕತ್ತುಗಳಲ್ಲಿ ಬಿಗಿತ, ಕೀಲುನೋವು ಕಾಣಿಸಿಕೊಳ್ಳುತ್ತದೆ. ಅಂತಹ ಮೂಳೆ ನೋಡಲು ದಪ್ಪವಾದರೂ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಬಾಲ್ಯದಿಂದ ಆ ನೀರು ಕುಡಿದು ಬೆಳೆದು, ಬಗ್ಗಲು ಕತ್ತು ತಿರುಗಿಸಲು ತೊಂದರೆಪಡುವವರು ಮೂಳೆತಜ್ಞರಿಗೆ ತೋರಿಸದೆ ಎತ್ತಿಹಾಕುವ ವಿದ್ಯೆಗೆ ಇಳಿಯಬಾರದು. ಶಿಡ್ಲಘಟ್ಟದ ಕಡೆ ರೇಷ್ಮೆನೂಲು ಬಿಚ್ಚುವ ಮನೆಗಳಲ್ಲಿ ಬೆಳೆದವರಲ್ಲಿ ಉಬ್ಬಸ, ಎದೆಯಲ್ಲಿ ಸೀಟಿಯಂತಹ ಸದ್ದು ಇರುವವರು ಅದನ್ನು ಮರೆಮಾಚದೆ ವೈದ್ಯರಿಗೆ ಹೇಳಬೇಕು. ಚಿಕಿತ್ಸೆಯಲ್ಲಿರುವ ಉಬ್ಬಸದವರು ವ್ಯಾಯಾಮ ಮಾಡಬಹುದು. ಮುಚ್ಚಿಟ್ಟ ಉಬ್ಬಸ ಅಪಾಯಕಾರಿ.

ಊರಿನಲ್ಲಿರುವಾಗಲೇ ಮೂರು ತಿಂಗಳು ದೇಹವನ್ನು ಹದಗೊಳಿಸಿಕೊಳ್ಳುವುದು ಉತ್ತಮ. ಬೆಳಗ್ಗೆ ಸೂರ್ಯನಮಸ್ಕಾರ, ಸಾಮು, ಬಸ್ಕಿ, ಹಗ್ಗದ ಕುಣಿತ, ವೇಗದ ನಡಿಗೆ, ಇಷ್ಟೇ ಸಾಕು. ಕತ್ತಿಗೂ ಸೊಂಟಕ್ಕೂ ಬಲ ಬಂದ ಮೇಲೆ ಗರಡಿ ಹತ್ತಿದವನಿಗೆ ಪೆಟ್ಟು ಕಡಿಮೆ.

ಒಳ್ಳೆಯ ಗರಡಿಯನ್ನು ಗುರುತಿಸುವ ಬಗೆ

ಬೆಂಗಳೂರು ಎಷ್ಟು ದೊಡ್ಡದೋ ಅಷ್ಟೇ ಬಗೆಯ ಜಿಮ್ಮುಗಳು ಅಲ್ಲಿವೆ. ಫಲಕ, ದೀಪ, ಕನ್ನಡಿಗಳನ್ನು ನೋಡಿ ಮರುಳಾಗದೆ ಈ ಕೆಳಗಿನ ಕ್ರಮದಲ್ಲಿ ವಿಚಾರಿಸಬೇಕು.

ಒಂದು, ದೂರ. ವಾಸದ ಅಥವಾ ಕೆಲಸದ ಸ್ಥಳದಿಂದ ಅರ್ಧ ಗಂಟೆಯೊಳಗೆ ತಲಪುವಂತಿರಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಂದ ದೇವನಹಳ್ಳಿ ಮಾರ್ಗವಾಗಿ, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ ಮಾರ್ಗವಾಗಿ ನಿತ್ಯ ಓಡಾಡುವವರು ಯಲಹಂಕದ ಆಸುಪಾಸಿನಲ್ಲಿ ಹುಡುಕುವುದು ಅನುಕೂಲ. ಎರಡೂ ರೈಲುದಾರಿಗಳು ಅಲ್ಲಿ ಕೂಡುತ್ತವೆ. ಮೂರು ಗಂಟೆ ಪ್ರಯಾಣ ಮಾಡಿ ದಣಿದ ದೇಹಕ್ಕೆ ಗಾಯ ಬೇಗ ಆಗುತ್ತದೆ, ನಿದ್ರೆಯೂ ಕೆಡುತ್ತದೆ.

ಎರಡು, ಗುರು. “ತಾವು ಯಾರಲ್ಲಿ ಕಲಿತಿರಿ, ಕಪ್ಪುಪಟ್ಟಿಯನ್ನು ಯಾರು ಕೊಟ್ಟರು?” ಎಂದು ವಿನಯದಿಂದ ಕೇಳಬೇಕು. ನಿಜವಾದ ಗುರು ತನ್ನ ಗುರುಪರಂಪರೆಯನ್ನು ಸಂತೋಷದಿಂದ ಹೇಳುತ್ತಾನೆ. ಈ ಪ್ರಶ್ನೆಗೆ ಸಿಡುಕುವವನು ಗುರುವಲ್ಲ. ಬ್ರೆಜಿಲಿಯನ್ ಜುಜುತ್ಸುವಿನಲ್ಲಿ ಕಪ್ಪುಪಟ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಸಾಧನೆ ಬೇಕು. ಜೂಡೋ ತರಬೇತುದಾರರಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆಯೇ ಎಂದು ನೋಡಬಹುದು. ಪ್ರಥಮ ಚಿಕಿತ್ಸೆ, ಹೃದಯ ಪುನಶ್ಚೇತನದ ತರಬೇತಿ ಪಡೆದವರು ಪ್ರತಿ ತರಗತಿಯಲ್ಲಿಯೂ ಇರುವರೇ ಎಂಬುದು ಪಟ್ಟಿಯ ಬಣ್ಣಕ್ಕಿಂತ ಮುಖ್ಯ.

ಮೂರು, ಮೊದಲ ಪಾಠ. ಜಪಾನೀ ಪದ್ಧತಿಯಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ಬೀಳುವುದನ್ನು. ಅದಕ್ಕೆ ‘ಉಕೇಮಿ’ ಎನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ, ಅಂಗೈ ಮುಂಗೈಗಳಿಂದ ನೆಲ ಬಡಿದು ಪೆಟ್ಟನ್ನು ಹಂಚುವ ಈ ವಿದ್ಯೆ ವಾರಗಟ್ಟಲೆ ನಡೆಯಬೇಕು. ಆ ಶಿಡ್ಲಘಟ್ಟದ ತರುಣನಿಗೆ ತಪ್ಪಿದ್ದು ಇದೇ. ಹೊಸಬರನ್ನು ಮೊದಲ ತಿಂಗಳಲ್ಲಿಯೇ ಪೂರ್ಣಬಲದ ಸೆಣಸಿಗೆ ಇಳಿಸುವ ಕಡೆ ಎರಡನೆಯ ದಿನ ಹೋಗಬೇಡಿ. ಈ ಬೀಳುವ ವಿದ್ಯೆ ಜೀವಮಾನವಿಡೀ ಕಾಯುತ್ತದೆ; ಮಳೆಗಾಲದ ಅಂಗಳದಲ್ಲಿ ಜಾರಿದಾಗಲೂ ಅದೇ ನೆರವಿಗೆ ಬರುತ್ತದೆ.

ನಾಲ್ಕು, ನೆಲ ಮತ್ತು ಶುಚಿತ್ವ. ಹಾಸುಗಳ ನಡುವೆ ಬಿರುಕು, ಸಂದು ಇರಬಾರದು. ಗೋಡೆಯ ಕಂಬಗಳಿಗೆ ಮೆತ್ತೆ ಇರಬೇಕು. ಹಾಸನ್ನು ಪ್ರತಿದಿನ ಸೋಂಕುನಾಶಕದಿಂದ ಒರೆಸುವರೇ, ಹುಣ್ಣು ಇರುವವರನ್ನು ಮನೆಗೆ ಕಳುಹಿಸುವರೇ ಎಂದು ಕೇಳಿ. ತಾವೂ ಉಗುರು ಕತ್ತರಿಸಿ, ಒಗೆದ ಉಡುಪು ತೊಟ್ಟು ಹೋಗಿ, ಮುಗಿದೊಡನೆ ಸ್ನಾನ ಮಾಡಬೇಕು. ಹಲ್ಲಿನ ರಕ್ಷಾಕವಚವನ್ನು ಸ್ವಂತಕ್ಕೆ ಕೊಳ್ಳಬೇಕು. ಧನುರ್ವಾಯು ಮತ್ತು ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಂಡಿರಬೇಕು.

ಐದು, ಹೆಣ್ಣುಮಕ್ಕಳು ಮತ್ತು ಬಾಲಕರು. ಕಾಮನ್‌ವೆಲ್ತ್ ಕ್ರೀಡೆಗಳ ಜೂಡೋದಲ್ಲಿ 2014 ಮತ್ತು 2022ರಲ್ಲಿ ಸುಶೀಲಾ ದೇವಿ, 2022ರಲ್ಲಿ ತೂಲಿಕಾ ಮಾನ್ ಬೆಳ್ಳಿ ಗೆದ್ದಿದ್ದಾರೆ. ನಮ್ಮ ಹೆಣ್ಣುಮಕ್ಕಳನ್ನೂ ನಿರಾತಂಕವಾಗಿ ಕಳುಹಿಸಬಹುದು. ಆದರೆ ಮಹಿಳಾ ತರಬೇತುದಾರರು ಅಥವಾ ಹಿರಿಯ ವಿದ್ಯಾರ್ಥಿನಿಯರು ಇರಬೇಕು. ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆ ಇರಬೇಕು. ಯಾವ ಹೊತ್ತಿನಲ್ಲಿಯೂ ಹೆತ್ತವರು ಬಂದು ನೋಡಲು ಅಡ್ಡಿ ಇರಬಾರದು. ಮಗು ‘ಅಲ್ಲಿಗೆ ಹೋಗಲಾರೆ’ ಎಂದರೆ ಗದರಿಸದೆ ಕಾರಣ ಕೇಳಿ. ಮಕ್ಕಳ ಸಹಾಯವಾಣಿ 1098 ಎಂಬುದು ನೆನಪಿರಲಿ. ಹದಿನೆಂಟು ತುಂಬುವವರೆಗೆ ತಲೆಗೆ ಹೊಡೆಯುವ ಅಭ್ಯಾಸ ಬೇಡವೆಂಬುದು ನಮ್ಮ ಸಲಹೆ.

ಆರು, ಹಣ. ಒಂದೆರಡು ದಿನ ಬದಿಯಲ್ಲಿ ಕುಳಿತು ನೋಡಲು ಬಿಡದ ಸ್ಥಳಕ್ಕೆ ಹಣ ಕಟ್ಟಬೇಡಿ. ವರ್ಷದ ಶುಲ್ಕವನ್ನು ಒಟ್ಟಿಗೆ ಕೊಡದೆ ತಿಂಗಳು ತಿಂಗಳಿಗೆ ಕಟ್ಟುವುದು ಲೇಸು. ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲಿ ಓದಿಯೇ ಸಹಿ ಹಾಕಿ.

ಬದಿಯಲ್ಲಿ ಕುಳಿತಾಗ ಒಂದನ್ನು ಮುಖ್ಯವಾಗಿ ಗಮನಿಸಿ: ಬಲಶಾಲಿಯು ದುರ್ಬಲನೊಡನೆ ಹೇಗೆ ಆಡುತ್ತಾನೆ? ಅವನು ತನ್ನ ಬಲವನ್ನು ತಗ್ಗಿಸಿ ಕಲಿಸುತ್ತಿದ್ದರೆ ಅದು ಒಳ್ಳೆಯ ಗರಡಿ. ಹೊಸಬನು ನೋವಿನಿಂದ ಕೂಗಿದಾಗ ಉಳಿದವರು ನಕ್ಕರೆ ಎದ್ದು ಬನ್ನಿ.

ಆಹಾರದ ಮಾತು

ಜಿಮ್ಮಿಗೆ ಸೇರಿದೊಡನೆ ‘ಮೊಟ್ಟೆ ಮಾಂಸ ತಿನ್ನದೆ ಮೈ ಕಟ್ಟದು’ ಎಂಬ ಮಾತು ಕಿವಿಗೆ ಬೀಳುತ್ತದೆ. ಸಸ್ಯಾಹಾರಿಗಳಾದ ನಮ್ಮ ಮಕ್ಕಳು ಇದರಿಂದ ಗಲಿಬಿಲಿಗೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಕಠಿಣ ವ್ಯಾಯಾಮ ಮಾಡುವವರಿಗೆ ಕಿಲೋಗೆ 1.2 ಗ್ರಾಮಿನಿಂದ ಮೇಲಕ್ಕೆ ಬೇಕು. ಅಂದರೆ 60 ಕಿಲೋ ತೂಕದ ತರುಣನಿಗೆ ಸುಮಾರು 72 ಗ್ರಾಂ.

200 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 14 ಗ್ರಾಂ, 100 ಗ್ರಾಂ ಹುರುಳಿ ಅಥವಾ ಬೇಳೆಯಲ್ಲಿ 22 ಗ್ರಾಂ, ಅರ್ಧ ಲೀಟರು ಹಾಲು ಮೊಸರಿನಲ್ಲಿ 16 ಗ್ರಾಂ, 50 ಗ್ರಾಂ ಕಡಲೇಕಾಯಿಯಲ್ಲಿ 12 ಗ್ರಾಂ, 150 ಗ್ರಾಂ ಅಕ್ಕಿಯಲ್ಲಿ 11 ಗ್ರಾಂ. ಒಟ್ಟು 75. ಮುದ್ದೆ, ಹುರುಳಿಕಾಳಿನ ಬಸ್ಸಾರು, ಅವರೆಕಾಳಿನ ಹುಳಿ, ಮಜ್ಜಿಗೆ, ಚಿಂತಾಮಣಿ ಸೀಮೆಯ ಕಡಲೇಕಾಯಿ, ಇವು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಇದಕ್ಕಿಂತ ಹೆಚ್ಚು ಬೇಕಾದವರು ಸೋಯಾ, ಪನೀರ್ ಸೇರಿಸಿಕೊಳ್ಳಬಹುದು. ಕಾಳು ಮತ್ತು ಧಾನ್ಯ ಒಟ್ಟಿಗೆ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಸ್ಯಾಹಾರಿಗಳಲ್ಲಿ ಕೊರತೆ ಕಾಣುವುದು ಹೆಚ್ಚಾಗಿ ಬಿ-12 ಜೀವಸತ್ವದ್ದು. ಹಾಲು ಮೊಸರು ಬಿಡಬಾರದು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಪಡೆಯಬೇಕು. ಜಿಮ್ಮಿನಲ್ಲಿಯೇ ಮಾರುವ ಹೆಸರಿಲ್ಲದ ಪುಡಿ, ಗುಳಿಗೆ, ಚುಚ್ಚುಮದ್ದುಗಳನ್ನು ಮುಟ್ಟಲೇಬಾರದು. ಸ್ಟೆರಾಯ್ಡ್ ಬೆರೆತ ಔಷಧಗಳು ಯಕೃತ್ತು, ಹೃದಯ, ಸಂತಾನಶಕ್ತಿಗಳನ್ನು ಕೆಡಿಸುತ್ತವೆ.

ಇಷ್ಟಲಿಂಗಧಾರಿಗಳಿಗೆ ಒಂದು ಮಾತು

ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಇದನ್ನು ಸೇರುವ ದಿನವೇ ಯೋಚಿಸಬೇಕು, ಸೆಣಸಿನ ನಡುವೆಯಲ್ಲ. ಹಿಡಿದು ಎಳೆದಾಡುವ ಅಭ್ಯಾಸದಲ್ಲಿ ಶಿವದಾರವು ಎದುರಾಳಿಯ ಬೆರಳಿಗೆ ಸಿಲುಕಿದರೆ ಕತ್ತಿಗೆ ಉರುಳಾಗಬಹುದು. ಕರಡಿಗೆಯು ತನ್ನ ಎದೆಗೋ ಎದುರಿನವನ ಮುಖಕ್ಕೋ ಒತ್ತಿ ಗಾಯವಾಗಬಹುದು. ಇದು ಆರೋಗ್ಯದ ದೃಷ್ಟಿಯ ಮಾತು. ಅಂಗದಿಂದ ಲಿಂಗವನ್ನು ಅಗಲಿಸಬಾರದೆಂಬ ನಿಷ್ಠೆಯುಳ್ಳವರಿಗೆ ದಾರಿ ಇಲ್ಲವೆಂದಲ್ಲ. ಮೈಗೆ ಮೈ ತಾಗದೆ ಒಬ್ಬರೇ ಮಾಡುವ ಕರಾಟೆಯ ‘ಕತಾ’ ಎಂಬ ವರಸೆಗಳು, ಬೀಳುವ ಅಭ್ಯಾಸ, ಅಂಗಸಾಧನೆಗಳನ್ನು ಲಿಂಗವನ್ನು ವಸ್ತ್ರದಲ್ಲಿ ಭದ್ರವಾಗಿ ಕಟ್ಟಿಕೊಂಡು ಮಾಡಬಹುದು. ಹಾಗೆಂದು ಗುರುವಿಗೆ ಮೊದಲೇ ತಿಳಿಸಿದರೆ ಸಜ್ಜನನಾದವನು ಒಪ್ಪುತ್ತಾನೆ. ಹಿಡಿತದ ವಿದ್ಯೆಯನ್ನೇ ಕಲಿಯಬೇಕೆನ್ನುವವರು ತಮಗೆ ದೀಕ್ಷೆ ನೀಡಿದ ಗುರುಗಳಲ್ಲಿ ಅರಿಕೆ ಮಾಡಿಕೊಂಡು ಅವರ ಅಪ್ಪಣೆಯಂತೆ ನಡೆಯಲಿ. ತಾವಾಗಿಯೇ ತೆಗೆದಿಡುವುದೂ ಬೇಡ, ಅಪಾಯವೆಂದು ತಿಳಿದೂ ಕೊರಳಲ್ಲಿಟ್ಟು ಸೆಣಸುವುದೂ ಬೇಡ. ಬೆಳಗಿನ ಲಿಂಗಪೂಜೆಗೆ ಅಡ್ಡಿಯಾಗದಂತೆ ಅಭ್ಯಾಸವನ್ನು ಸಂಜೆಗೆ ಇಟ್ಟುಕೊಳ್ಳುವುದು ಎಲ್ಲ ರೀತಿಯಿಂದಲೂ ಒಳಿತು.

ಕೊನೆಯದಾಗಿ

ವಾರಕ್ಕೆ ಮೂರು ದಿನ ಅಭ್ಯಾಸ, ನಡುವೆ ವಿಶ್ರಾಂತಿ, ಏಳೆಂಟು ಗಂಟೆಗಳ ನಿದ್ರೆ, ಇದು ಉದ್ಯೋಗಸ್ಥರಿಗೆ ಸಾಕಾದ ಕ್ರಮ. ಸ್ಪರ್ಧೆಗೆ ಇಳಿಯಲೇಬೇಕೆಂದಿಲ್ಲ. ಇಳಿಯುವುದಾದರೆ ಕಣದ ಪಕ್ಕದಲ್ಲಿ ವೈದ್ಯರು, ಆಂಬುಲೆನ್ಸ್, ಆಮ್ಲಜನಕ ಇರುವುದನ್ನು ಕಣ್ಣಾರೆ ಕಂಡ ಮೇಲೆಯೇ ಹೆಸರು ಕೊಡಬೇಕು. ಕಲಿತ ವಿದ್ಯೆಯನ್ನು ಬೀದಿಯಲ್ಲಿ ತೋರಿಸುವುದು ವಿದ್ಯೆಗೆ ಮಾಡುವ ಅಪಚಾರ. ಆತ್ಮರಕ್ಷಣೆಯಲ್ಲಿ ಮೊದಲ ಪಾಠ ತಪ್ಪಿಸಿಕೊಂಡು ಬರುವುದು, 112ಕ್ಕೆ ಕರೆಮಾಡುವುದು.

ಶರಣರು ದೇಹವನ್ನು ಹೀನವೆಂದು ತಿರಸ್ಕರಿಸಲಿಲ್ಲ. ಶಿವನ ನೆಲೆಯೆಂದು ಕಂಡರು. ನೆಲೆಯನ್ನು ಕಟ್ಟಿಕೊಳ್ಳಬೇಕು, ಕಾಪಾಡಿಕೊಳ್ಳಬೇಕು, ಪ್ರದರ್ಶನಕ್ಕೆಂದು ಕೆಡವಿಕೊಳ್ಳಬಾರದು.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: “ಬಿಡಿಸಬೇಡಿ ತಾಯಿ, ಆ ಜಾಗವನ್ನು ಬಿಡಿಸಿ. ಭುಜದ ಕೀಲು ಒಮ್ಮೆ ತಪ್ಪಿದರೆ ಮತ್ತೆ ತಪ್ಪುವ ಸಂಭವ ಹೆಚ್ಚು. ಹೇಳಿದ ವ್ಯಾಯಾಮವನ್ನೆಲ್ಲ ಮಾಡಿ ಮುಗಿಸಿ, ವೈದ್ಯರು ಒಪ್ಪುವವರೆಗೆ ಕಾಯಲಿ. ಆಮೇಲೆ ನೀವೂ ಜೊತೆಯಲ್ಲಿ ಹೋಗಿ ಬದಿಯಲ್ಲಿ ಕುಳಿತು ನೋಡಿ, ಬೀಳುವುದನ್ನು ಮೊದಲು ಕಲಿಸುವ ಗುರುವನ್ನು ಹುಡುಕಿಕೊಡಿ.” ತರುಣನು ತಲೆಯೆತ್ತಿ ನೋಡಿದನು. ಓದುಗ ಭಕ್ತರಲ್ಲಿಯೂ ನಮ್ಮ ಅರಿಕೆ ಇದೇ. ಮಕ್ಕಳ ಉತ್ಸಾಹಕ್ಕೆ ತಡೆಹಾಕದೆ, ಅವರೊಡನೆ ಹೋಗಿ ಒಂದು ಸಂಜೆ ಆ ಹಾಸಿನ ಬದಿಯಲ್ಲಿ ಕುಳಿತು ಬನ್ನಿ.